ನಡುರಾತ್ರಿ ಮೌಂಟ್ ತಿರುಗಿದಾಗ ಕ್ಯಾಮೆರಾ ಕೈಕೊಡುವುದೇಕೆ? ಕಣದ ದೂರದರ್ಶಕಕ್ಕೆ ಕೇಬಲ್ ಕಟ್ಟುವ ಬಗೆ

ಪ್ರಶ್ನೆ: ತೋಟದ ಕಾಫಿ ಕಣದಲ್ಲಿ ದೂರದರ್ಶಕ ನಿಲ್ಲಿಸಿ ಮಹಾವ್ಯಾಧದ (ಓರಿಯನ್) ನೀಹಾರಿಕೆಯ ಫೋಟೋ ತೆಗೆಯುತ್ತೇನೆ. ಹತ್ತು ಗಂಟೆವರೆಗೆ ಎಲ್ಲ ಸರಿ ಇರುತ್ತದೆ. ಆಮೇಲೆ ಮೌಂಟ್ (ದೂರದರ್ಶಕವನ್ನು ಹೊತ್ತು ನಕ್ಷತ್ರಗಳ ಜೊತೆ ತಿರುಗಿಸುವ ಯಂತ್ರ) ಇನ್ನೊಂದು ಬದಿಗೆ ತಿರುಗಿದ ಕೂಡಲೇ ಕ್ಯಾಮೆರಾ ಸಂಪರ್ಕ ತಪ್ಪುತ್ತದೆ, ಇಲ್ಲವೇ ನಕ್ಷತ್ರಗಳು ಉದ್ದುದ್ದ ಬರುತ್ತವೆ. ಒಟ್ಟು ಏಳು ಕೇಬಲ್‌ಗಳಿವೆ. ಹೇಗೆ ಕಟ್ಟಬೇಕು?

ಉತ್ತರ: ಕಟ್ಟುವ ಮೊದಲು ಕೇಬಲ್‌ಗಳ ಸಂಖ್ಯೆ ಇಳಿಸಿ. ಏಳು ಕೇಬಲ್‌ಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಕಟ್ಟಿದರೂ, ಎಲ್ಲವೂ ದೂರದರ್ಶಕದ ತಿರುಗುವ ಕೊಳವೆಯಿಂದ ಕೆಳಗಿನ ಮೇಜಿನತನಕ ಜೋತಾಡುತ್ತಿದ್ದರೆ ಒಂದಲ್ಲ ಒಂದು ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ತಿರುಗುವುದೆಲ್ಲ ತಿರುಗುವುದರ ಮೇಲೆಯೇ ಇರಲಿ. ಯುಎಸ್‌ಬಿ ಹಬ್, ಮಿನಿ ಕಂಪ್ಯೂಟರ್, 12 ವೋಲ್ಟ್ ಹಂಚುವ ಪೆಟ್ಟಿಗೆ ಮೂರನ್ನೂ ದೂರದರ್ಶಕದ ಬೆನ್ನಿಗೆ, ಗೈಡ್ ಸ್ಕೋಪಿನ (ಮೌಂಟ್ ನಕ್ಷತ್ರವನ್ನು ಸರಿಯಾಗಿ ಹಿಂಬಾಲಿಸುತ್ತಿದೆಯೇ ಎಂದು ನೋಡುವ ಚಿಕ್ಕ ದೂರದರ್ಶಕ) ಪಕ್ಕದಲ್ಲಿ ಕೂರಿಸಿ. ಕ್ಯಾಮೆರಾ, ಗೈಡ್ ಕ್ಯಾಮೆರಾ, ಫೋಕಸರ್, ಇಬ್ಬನಿ ಹೀಟರ್‌ಗಳ ಕೇಬಲ್‌ಗಳು ಅಲ್ಲೇ 30ರಿಂದ 50 ಸೆಂ.ಮೀ. ಉದ್ದದಲ್ಲಿ ಮುಗಿಯುತ್ತವೆ. ಮೇಲಿನಿಂದ ಕೆಳಗಿಳಿಯಲು ಉಳಿಯುವುದು ಎರಡೇ: ಬ್ಯಾಟರಿಯಿಂದ ಬರುವ ಪವರ್ ತಂತಿ ಮತ್ತು ಮೌಂಟನ್ನು ನಡೆಸುವ ಕೇಬಲ್. ಮೌಂಟಿನ ಸ್ವಂತ ಪವರ್ ಬ್ಯಾಟರಿಯಿಂದ ನೇರವಾಗಿ ಬರಲಿ. ಆ ತಂತಿ ತಿರುಗುವುದೇ ಇಲ್ಲ, ಟ್ರೈಪಾಡ್ ಕಾಲಿಗೆ ಕಟ್ಟಿಬಿಡಿ.

ಉದ್ದುದ್ದ ನಕ್ಷತ್ರಗಳಿಗೆ ಕಾರಣ ಕೇಬಲ್‌ನ ಎಳೆತ. ಅರ್ಧ ಮೀಟರ್ ಉದ್ದದ ಕೊಳವೆಯ ತುದಿ ಒಂದು ಮಿಲಿಮೀಟರ್‌ನ ಇನ್ನೂರನೇ ಒಂದು ಭಾಗ ಸರಿದರೂ ದೃಷ್ಟಿ 2 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗಕ್ಕೆ ಒಂದು ಆರ್ಕ್‌ಸೆಕೆಂಡ್) ಪಲ್ಲಟವಾಗುತ್ತದೆ. 400 ಮಿ.ಮೀ. ನಾಭಿದೂರ, 3.76 ಮೈಕ್ರಾನ್ ಪಿಕ್ಸೆಲ್ ಇರುವ ವ್ಯವಸ್ಥೆಯಲ್ಲಿ ಅದು ಒಂದು ಪಿಕ್ಸೆಲ್. ಬಿಗಿಯಾದ ದಪ್ಪ ಯುಎಸ್‌ಬಿ 3 ಕೇಬಲ್ ಇಷ್ಟು ಎಳೆಯುವುದರಲ್ಲಿ ಆಶ್ಚರ್ಯವಿಲ್ಲ. ನಿಮಿಷಗಟ್ಟಲೆ ಎಕ್ಸ್‌ಪೋಶರ್ ಕೊಡುವ ನೀಹಾರಿಕೆಯ ಫೋಟೋಗೆ ಯುಎಸ್‌ಬಿ 3 ವೇಗ ಬೇಕಾಗಿಯೂ ಇಲ್ಲ. ಕ್ಯಾಮೆರಾದ ಚೌಕ ಬಿ ಮಾದರಿಯ ಯುಎಸ್‌ಬಿ 3 ಕಿಂಡಿಗೆ ಹಳೆಯ ಯುಎಸ್‌ಬಿ 2 ಪ್ಲಗ್ ಕೂಡುತ್ತದೆ, ಅದರ ಕೇಬಲ್ ತೆಳ್ಳಗೆ, ಮೆತ್ತಗೆ ಇರುತ್ತದೆ. ಗುರು, ಶನಿ ಗ್ರಹಗಳ ವೀಡಿಯೊ ತೆಗೆಯುವ ದಿನ ಮಾತ್ರ ಬದಲಿಸಿ.

ಇನ್ನು ಮೌಂಟ್ ತಿರುಗುವ ವಿಷಯ. ಕೊಡಗಿನವರು ಇದಕ್ಕೆ ವಿಶೇಷ ಗಮನ ಕೊಡಲೇಬೇಕು. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ. ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಎತ್ತರದಲ್ಲಿರುವುದರಿಂದ ಆ ನಕ್ಷತ್ರದ ಕಡೆ ಮುಖಮಾಡಿದ ಮೌಂಟಿನ ಮುಖ್ಯ ಅಕ್ಷ, ಅಂದರೆ ಆರ್‌ಎ ಅಕ್ಷ, ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಯುರೋಪಿನವರ ವೀಡಿಯೊಗಳಲ್ಲಿ ಅದು 50 ಡಿಗ್ರಿ ಎದ್ದು ನಿಂತಿರುತ್ತದೆ. ಅವರ ಕೇಬಲ್ ದಾರಿಯನ್ನು ಹಾಗೇ ನಕಲು ಮಾಡಿದರೆ ನಮ್ಮಲ್ಲಿ ನಡೆಯುವುದಿಲ್ಲ. ಇಲ್ಲಿ ಕೊಳವೆಯೂ ಅದಕ್ಕೆ ಸಮತೂಕ ಕೊಡುವ ಕಂಬಿಯೂ ಗಾಣದ ಹಾಗೆ ಅಡ್ಡಡ್ಡ ಸುತ್ತುವ ಬದಲು ಎತ್ತಿನಗಾಡಿಯ ಚಕ್ರದ ಹಾಗೆ ಮೇಲೆ ಕೆಳಗೆ ಸುತ್ತುತ್ತವೆ. ಮಹಾವ್ಯಾಧದ ನೀಹಾರಿಕೆ ನಮ್ಮ ನೆತ್ತಿಯಿಂದ ಕೇವಲ 18 ಡಿಗ್ರಿಯಷ್ಟು ದಕ್ಷಿಣಕ್ಕೆ ಹಾದುಹೋಗುತ್ತದೆ, ಜನವರಿ ಮಧ್ಯದಲ್ಲಿ ಅದು ಮಧ್ಯಾಹ್ನರೇಖೆ (ಆಕಾಶದ ಉತ್ತರ-ದಕ್ಷಿಣ ನಡುಗೆರೆ) ದಾಟುವುದು ರಾತ್ರಿ ಹತ್ತೂವರೆಯ ಸುಮಾರಿಗೆ. ಆ ಹೊತ್ತಿಗೆ ಕ್ಯಾಮೆರಾ ಇರುವ ತುದಿ ಕೆಳಮುಖವಾಗಿ, ಟ್ರೈಪಾಡ್ ಕಾಲುಗಳ ಪಕ್ಕದಲ್ಲೇ ಇರುತ್ತದೆ. ಇನ್ನೂ ಮುಂದೆ ಹೋದರೆ ಕೊಳವೆ ಕಾಲಿಗೆ ಬಡಿಯಬಹುದಾದ್ದರಿಂದ ಮೌಂಟ್ ಅದನ್ನು ಇನ್ನೊಂದು ಬದಿಗೆ ಹೊರಳಿಸುತ್ತದೆ: ಆರ್‌ಎ ಅಕ್ಷವೂ ಅದಕ್ಕೆ ಲಂಬವಾಗಿರುವ ಡೆಕ್ ಅಕ್ಷವೂ ಸುಮಾರು ಅರ್ಧ ಸುತ್ತು ತಿರುಗುತ್ತವೆ. ಹತ್ತು ಗಂಟೆಯ ನಂತರ ನಿಮಗೆ ತೊಂದರೆ ಶುರುವಾಗುವುದು ಇದಕ್ಕೇ: ಹೊರಚಾಚಿದ ಯುಎಸ್‌ಬಿ ಪ್ಲಗ್ ಕಾಲಿಗೆ ತಗಲುತ್ತದೆ, ಅಥವಾ ಕೇಬಲ್ ಅಕ್ಷಾಂಶ ಹೊಂದಿಸುವ ಬೋಲ್ಟಿನ ಹಿಡಿಗೆ ಸುತ್ತಿಕೊಳ್ಳುತ್ತದೆ.

ಪರಿಹಾರ ಮೂರು ಬಗೆಯದು. ಕ್ಯಾಮೆರಾವನ್ನು ತಿರುಗಿಸಿ ಅದರ ಕಿಂಡಿಗಳು ಗೈಡ್ ಸ್ಕೋಪಿನ ಕಡೆಗೆ ಬರುವಂತೆ ಮಾಡಿ (ಚಿತ್ರದ ಚೌಕಟ್ಟು 90 ಡಿಗ್ರಿ ತಿರುಗಿದರೂ ಚಿಂತೆಯಿಲ್ಲ). ನೇರ ಪ್ಲಗ್ ಬದಲು ಎಲ್ ಆಕಾರದ ಪ್ಲಗ್ ಬಳಸಿ. ಟ್ರೈಪಾಡ್ ಮತ್ತು ಮೌಂಟ್ ನಡುವೆ 20 ಸೆಂ.ಮೀ. ಎತ್ತರದ ಪಿಯರ್ (ಗಿಡ್ಡ ಕಂಬದಂಥ) ತುಂಡು ಸೇರಿಸಿದರೆ ಇನ್ನೂ ನೆಮ್ಮದಿ.

ಕೆಳಗಿಳಿಯುವ ಎರಡು ಕೇಬಲ್‌ಗಳನ್ನು ಕ್ಯಾಮೆರಾ ತುದಿಯಿಂದ ಇಳಿಬಿಡಬೇಡಿ. ಕೊಳವೆಯನ್ನು ಹಿಡಿದಿರುವ ತಟ್ಟೆಯ ನಡುಭಾಗಕ್ಕೆ, ಡೆಕ್ ಅಕ್ಷಕ್ಕೆ ಆದಷ್ಟು ಹತ್ತಿರ ಒಮ್ಮೆ ಕಟ್ಟಿ. ಅಲ್ಲಿಂದ ಒಂದು ಸಡಿಲ ಸುತ್ತು ಬಿಟ್ಟು ಮೌಂಟಿನ ತಿರುಗದ ಭಾಗಕ್ಕೆ ಇನ್ನೊಮ್ಮೆ ಕಟ್ಟಿ. ಅಕ್ಷದ ಹತ್ತಿರ ಚಲನೆ ಕಡಿಮೆ, ಹಾಗಾಗಿ ಸುತ್ತು ಚಿಕ್ಕದಿದ್ದರೂ ಸಾಕು. ಅದರ ಅಳತೆಯನ್ನು ಊಹಿಸಬೇಡಿ. ಹಗಲಲ್ಲೇ ಕ್ಲಚ್ ಸಡಿಲಿಸಿ, ಕೈಯಿಂದ ಪೂರ್ವದಿಂದ ಪಶ್ಚಿಮಕ್ಕೆ, ಆಮೇಲೆ ಡೆಕ್ ಅಕ್ಷದಲ್ಲಿ ಒಂದು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಿ ಬಿಗಿಯಾಯಿತೋ ಅಲ್ಲಿ ನಾಲ್ಕು ಬೆರಳು ಹೆಚ್ಚು ಬಿಟ್ಟು, ಆ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿ. ಮುಂದಿನ ಸಲ ಟೇಪ್ ನೋಡಿ ಕಟ್ಟಿದರಾಯಿತು. ಕಟ್ಟಲು ವೆಲ್ಕ್ರೋ ಪಟ್ಟಿಯೇ ಒಳ್ಳೆಯದು, ಪ್ಲಾಸ್ಟಿಕ್ ಟೈ ಬಿಗಿದರೆ ಒಳಗಿನ ಎಳೆಗಳು ಹಿಚುಕುತ್ತವೆ. ಪ್ರತಿ ಪ್ಲಗ್‌ನಿಂದ 10 ಸೆಂ.ಮೀ. ಒಳಗೆ ಒಂದು ಕಟ್ಟು ಇರಲಿ, ಎಳೆತವೆಲ್ಲ ಕಟ್ಟಿನ ಮೇಲೆ ಬೀಳಬೇಕೇ ಹೊರತು ಕಿಂಡಿಯ ಮೇಲಲ್ಲ.

ಸಂಪರ್ಕ ತಪ್ಪುವುದು ಮೌಂಟ್ ತಿರುಗುವಾಗಲ್ಲ, ಮನಬಂದ ಹೊತ್ತಿನಲ್ಲಿ ಎಂದಾದರೆ ಸಂದೇಹಿಸಬೇಕಾದುದು ವೋಲ್ಟೇಜನ್ನು. ತಂಪುಗೊಳಿಸುವ ವ್ಯವಸ್ಥೆಯಿರುವ ಕ್ಯಾಮೆರಾ, ಕಂಪ್ಯೂಟರ್, ಹೀಟರ್ ಎಲ್ಲ ಸೇರಿ ಸುಮಾರು 5 ಆಂಪಿಯರ್ ಎಳೆಯುತ್ತವೆ ಎನ್ನೋಣ. 2 ಮೀಟರ್ ದೂರಕ್ಕೆ 0.5 ಚದರ ಮಿ.ಮೀ. ತಂತಿ ಹಾಕಿದರೆ ಹೋಗಿಬರುವ ದಾರಿಯಲ್ಲೇ ಸುಮಾರು 0.8 ವೋಲ್ಟ್ ಕರಗುತ್ತದೆ, 1.5 ಚದರ ಮಿ.ಮೀ. ತಂತಿಯಲ್ಲಿ ಅದು 0.3ಕ್ಕಿಂತ ಕಡಿಮೆ. ಮನೆಯೊಳಗೆ ಅಡಾಪ್ಟರ್ ಇಟ್ಟು 15 ಮೀಟರ್ ದೂರದ ಕಣಕ್ಕೆ 12 ವೋಲ್ಟ್ ತರುವ ಆಲೋಚನೆ ಬಿಡಿ, ಆ ದಪ್ಪ ತಂತಿಯಲ್ಲೂ 2 ವೋಲ್ಟ್ ಹೋಗುತ್ತದೆ. ಇಬ್ಬನಿಯಲ್ಲಿ ತೊಯ್ದ ನೆಲದ ಮೇಲೆ 230 ವೋಲ್ಟ್ ಎಕ್ಸ್‌ಟೆನ್ಶನ್ ಬೋರ್ಡ್ ಎಳೆಯುವುದು ಜೀವಕ್ಕೇ ಅಪಾಯ. ಟ್ರೈಪಾಡ್ ಬುಡದಲ್ಲಿ 40ರಿಂದ 50 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಆರು ಗಂಟೆ ದಾಟುತ್ತದೆ. ಅದರ ಪಾಸಿಟಿವ್ ತುದಿಗೆ ಅಂಟಿದಂತೆ 10 ಆಂಪಿಯರ್‌ನ ಬ್ಲೇಡ್ ಫ್ಯೂಸ್ ಹಾಕಿ, ವಾಹನಗಳ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೋಲ್ಡರ್ ಸಮೇತ ಸಿಗುತ್ತದೆ.

ದುಂಡನೆಯ ಡಿಸಿ ಪ್ಲಗ್‌ನಲ್ಲಿ ಒಂದು ಮೋಸವಿದೆ. 5.5×2.1 ಮತ್ತು 5.5×2.5 ಮಿ.ಮೀ. ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. 2.5ರ ಪ್ಲಗ್ 2.1ರ ಕಿಂಡಿಗೆ ಹೋಗುತ್ತದೆ, ಆದರೆ ಒಳಗೆ ಸಡಿಲ. ಮೌಂಟ್ ಅಲುಗಿದಾಗ ಕ್ಷಣಮಾತ್ರ ಪವರ್ ತಪ್ಪುತ್ತದೆ, ಬೈಗುಳ ಮಾತ್ರ ಯುಎಸ್‌ಬಿ ಕೇಬಲ್‌ಗೆ. ನಿಮ್ಮ ಪ್ಲಗ್ ಬೆರಳಲ್ಲಿ ಮುಟ್ಟಿದರೆ ಗಿರಗಿರ ಆಡುತ್ತಿದ್ದರೆ ಮೊದಲು ಅದನ್ನು ಬದಲಿಸಿ.

ನಮ್ಮ ಇಬ್ಬನಿ ಕೇಬಲ್ ಹಿಡಿದು ಹರಿದು ಕಿಂಡಿಯೊಳಗೇ ಇಳಿಯುತ್ತದೆ. ಪ್ರತಿ ಕೇಬಲ್ ಕಿಂಡಿಗಿಂತ ಸ್ವಲ್ಪ ಕೆಳಗೆ ಬಳುಕಿ ಮತ್ತೆ ಮೇಲೇರಿ ಸೇರುವಂತಿರಲಿ, ನೀರು ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲ ಶುರುವಾಗುವ ಮೊದಲು ಪ್ಲಗ್‌ಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ದೀಪಾವಳಿ ಹೊತ್ತಿಗೆ ಕಿಲುಬು ಹಿಡಿದಿರುತ್ತದೆ.

ಮನೆಗೆ ಒಯ್ಯುವಾಗ ಮೇಲಿನ ಚಿಕ್ಕ ಕೇಬಲ್‌ಗಳನ್ನು ಬಿಚ್ಚಲೇಬೇಡಿ. ಕೆಳಗಿನ ಎರಡನ್ನು ಮಾತ್ರ ಬಿಚ್ಚಿ, ಮೊಣಕೈಗೆ ಸುತ್ತದೆ ಒಂದು ಗೇಣು ಅಗಲದ ಸುರುಳಿ ಮಾಡಿ, ಟೇಪ್ ಗುರುತು ಹೊರಗೆ ಕಾಣುವಂತೆ ಕಟ್ಟಿಡಿ.