ಆಕ್ಸ್‌ಫರ್ಡ್ ಡಾನ್ ಅಂದ್ರೆ ರೌಡಿ ಅಲ್ಲ

ಇಂಗ್ಲಿಷ್ ಸುದ್ದೀನ ಕನ್ನಡಕ್ಕೆ ಮಾಡೋ ಕೆಲಸಕ್ಕೆ ಹೊಸದಾಗಿ ಬಂದವರ ಕಾಪಿ ತಿದ್ದೋವಾಗ ಕೆಲವು ಪದ ಕಂಡ ತಕ್ಷಣ ಪೆನ್ನು ತಾನಾಗೇ ನಿಲ್ಲುತ್ತೆ, ಅದ್ರಲ್ಲಿ ಒಂದು ಡಾನ್. ಒಂದ್ಸಲ ಇಂಗ್ಲಿಷ್ ಹೆಡ್ಡಿಂಗ್ ಇದ್ದಿದ್ದು 'ಕೇಂಬ್ರಿಡ್ಜ್ ಡಾನ್ ಡೈಸ್', ಕನ್ನಡ ಕಾಪೀಲಿ ಬಂದಿದ್ದು 'ಕೇಂಬ್ರಿಡ್ಜ್‌ನ ಭೂಗತ ದೊರೆ ಸಾವು'. ಕೆಳಗೇ ಆ ಮನುಷ್ಯ ಗ್ರೀಕ್ ವ್ಯಾಕರಣದ ಮೇಲೆ ಪುಸ್ತಕ ಬರೆದಿದ್ರು, ಜೀವನಪೂರ್ತಿ ಒಂದೇ ಕಾಲೇಜಲ್ಲಿ ಪಾಠ ಮಾಡಿದ್ರು ಅಂತ ಇತ್ತು. ಭೂಗತ ದೊರೆಗೆ ಗ್ರೀಕ್ ವ್ಯಾಕರಣ ಯಾಕಪ್ಪಾ ಬೇಕು ಅಂತ ಒಂದು ಅನುಮಾನನಾದ್ರೂ ಬರಬೇಕಿತ್ತು. ಆದ್ರೆ ಬೈಯೋ ಹಾಗಿಲ್ಲ, ಸಿನಿಮಾ ನೋಡಿ ಬೆಳೆದ ನಮಗೆಲ್ಲ ಡಾನ್ ಅಂದ್ರೆ ಕಪ್ಪು ಕನ್ನಡಕನೇ ಕಣ್ಮುಂದೆ ಬರೋದು.

ಬ್ರಿಟನ್ನಲ್ಲಿ ಡಾನ್ ಅಂದ್ರೆ ಯೂನಿವರ್ಸಿಟಿ ಮೇಷ್ಟ್ರು. ಅದ್ರಲ್ಲೂ ಮುಖ್ಯವಾಗಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನವ್ರು. ಆ ಎರಡು ಕಡೆ ಯೂನಿವರ್ಸಿಟಿ ಒಳಗೆ ಕಾಲೇಜುಗಳಿವೆ, ಒಂದೊಂದು ಕಾಲೇಜಿಗೂ ಫೆಲೋಗಳು ಅಂತ ಇರ್ತಾರೆ, ಪಾಠ, ಸಂಶೋಧನೆ, ಕಾಲೇಜಿನ ಆಡಳಿತ ಎಲ್ಲ ಇವರ ಕೈಲೇ. ಈ ಫೆಲೋಗಳಿಗೆ ಬೇರೆಯವರು ಇಟ್ಟ ಹೆಸರು ಡಾನ್. (ಫೆಲೋ ಅನ್ನೋದೂ ನಮ್ಮಲ್ಲಿ ಎಡವಟ್ಟೇ, 'ಆ ಫೆಲೋ ಬಂದಿದ್ದ' ಅಂದ್ರೆ ಮರ್ಯಾದೆ ಅಷ್ಟಕ್ಕಷ್ಟೇ, ಅಲ್ಲಿ ಫೆಲೋ ಆಗೋಕೆ ಜನ ವರ್ಷಗಟ್ಟಲೆ ಒದ್ದಾಡ್ತಾರೆ.)

ಪದದ ಬೇರು ಲ್ಯಾಟಿನ್ನಿನ ದೊಮಿನುಸ್, ಅಂದ್ರೆ ಒಡೆಯ, ಯಜಮಾನ. ಅದು ಸ್ಪ್ಯಾನಿಷ್‌ನಲ್ಲಿ ಸವೆದು ಸವೆದು ದೊನ್ ಆಯ್ತು, ದೊಡ್ಡ ಮನೆತನದವರ ಹೆಸರಿಗೆ ಮೊದಲು ಹಾಕೋ ಗೌರವದ ಪದ. ಇಂಗ್ಲಿಷರು 16ನೇ ಶತಮಾನದಲ್ಲಿ ಅದನ್ನ ಸ್ಪೇನ್ ಕಡೆಯ ಸಿರಿವಂತರಿಗೆ ಬಳಸೋಕೆ ಶುರು ಮಾಡಿದ್ರು, ಆಮೇಲೆ ಯಾರಾದ್ರೂ ದೊಡ್ಡಸ್ತಿಕೆ ತೋರಿಸೋರನ್ನೂ ಹಾಗೇ ಕರೆದ್ರು, 17ನೇ ಶತಮಾನದ ಹೊತ್ತಿಗೆ ಯೂನಿವರ್ಸಿಟಿ ಹುಡುಗರ ಬಾಯಲ್ಲಿ ಅದು ಕಾಲೇಜಿನ ಮೇಷ್ಟ್ರುಗಳಿಗೆ ಅಂಟಿಕೊಳ್ತು. ನಾವು ಗತ್ತಿನ ಆಸಾಮಿ ದೂರದಲ್ಲಿ ಬರ್ತಿದ್ರೆ 'ಬಂದ್ರು ನೋಡು ಸಾಹೇಬ್ರು' ಅಂತೀವಲ್ಲ, ಹೆಚ್ಚುಕಡಿಮೆ ಅದೇ ಧಾಟಿ. ಅರ್ಧ ಗೌರವ, ಅರ್ಧ ಕೀಟಲೆ. ಈ ಕೀಟಲೆ ಇವತ್ತಿಗೂ ಆ ಪದದಿಂದ ಪೂರ್ತಿ ಹೋಗಿಲ್ಲ, ಬಳಸೋವಾಗ ಇದು ನೆನಪಿರಬೇಕು.

ಮಾಫಿಯಾ ಡಾನ್ ಕೂಡ ಇದೇ ಕುಟುಂಬದವನೇ, ದಾರಿ ಮಾತ್ರ ಬೇರೆ. ಇಟಲಿಯಲ್ಲಿ ಪಾದ್ರಿಗಳಿಗೆ, ಊರಿನ ಹಿರಿಯರಿಗೆ ದೊನ್ ಅನ್ನೋ ರೂಢಿ ಇತ್ತು, ಅಲ್ಲಿಂದ ಗ್ಯಾಂಗಿನ ಯಜಮಾನನಿಗೆ ಹೋಯ್ತು, ಅಮೆರಿಕದಲ್ಲಿ 20ನೇ ಶತಮಾನದಲ್ಲಿ ಜೋರಾಗಿ ಚಾಲ್ತಿಗೆ ಬಂತು, ಅಲ್ಲಿಂದ ನಮ್ಮ ಪೇಪರಿಗೂ ಬಂತು. ಹಾಗಾಗಿ ಅಮೆರಿಕದವರ ಹತ್ರ ಪ್ರೊಫೆಸರನ್ನ ಡಾನ್ ಅಂದ್ರೆ ಅವರೂ ನಮ್ಮ ಹಾಗೇ ಒಂದು ಕ್ಷಣ ಗಾಬರಿ ಆಗ್ತಾರೆ, ಅಲ್ಲಿ ಮೇಷ್ಟ್ರಿಗೆ ಈ ಪದ ಬಳಕೇಲೇ ಇಲ್ಲ ಅನ್ನಬಹುದು.

ಇನ್ನು ಬಳಕೆ ವಿಷಯ, ನನ್ನ ಪ್ರಕಾರ ಜಾಸ್ತಿ ಜನ ಎಡವೋದು ಇಲ್ಲೇ. ಡಾನ್ ಒಂದು ಹುದ್ದೆ ಅಲ್ಲ. ಲೆಕ್ಚರರ್, ರೀಡರ್, ಪ್ರೊಫೆಸರ್ ಇವೆಲ್ಲ ಹುದ್ದೆಗಳು, ಅಪಾಯಿಂಟ್‌ಮೆಂಟ್ ಆರ್ಡರಲ್ಲಿ ಬರೋವು. ಡಾನ್ ಅಂತ ಯಾರಿಗೂ ಆರ್ಡರ್ ಬರಲ್ಲ, ವಿಸಿಟಿಂಗ್ ಕಾರ್ಡಲ್ಲಿ ಯಾರೂ ಹಾಕಿಕೊಳ್ಳಲ್ಲ, ಬಯೋಡೇಟಾದಲ್ಲಂತೂ ಬೇಡವೇ ಬೇಡ. ಎದುರಿಗೆ ಕರೆಯೋಕೂ ಬರಲ್ಲ. ಇಮೇಲಲ್ಲಿ 'ಡಿಯರ್ ಡಾನ್' ಅಂತ ಶುರು ಮಾಡಿದ್ರೆ, ಆ ಮೇಷ್ಟ್ರ ಹೆಸರು ನಿಜವಾಗ್ಲೂ ಡೊನಾಲ್ಡ್ ಆಗಿದ್ರೆ ಬಚಾವು, ಇಲ್ಲಾಂದ್ರೆ ನಗೆಪಾಟಲು. ಹೆಸರಿಗೆ ಮೊದಲು ಹಾಕಿದ್ರೆ ಇನ್ನೂ ಕಷ್ಟ, 'ಡಾನ್ ಸ್ಮಿತ್' ಅಂದ್ರೆ ಓದೋರು ಡಾನ್ ಅನ್ನೋದನ್ನ ಆತನ ಮೊದಲ ಹೆಸರು ಅಂದ್ಕೊಳ್ತಾರೆ. ಇದು ಮೂರನೆಯವರ ಬಗ್ಗೆ ಮಾತಾಡೋವಾಗಿನ ಪದ, 'ಅವರು ಆಕ್ಸ್‌ಫರ್ಡ್‌ನಲ್ಲಿ ಡಾನ್ ಆಗಿದ್ರು' ಅನ್ನೋ ತರಹ. ಬ್ರಿಟಿಷ್ ಪೇಪರುಗಳಿಗೆ ಇದರ ಮೇಲೆ ಪ್ರೀತಿ ಯಾಕೆ ಅಂದ್ರೆ ಇಂಗ್ಲಿಷಲ್ಲಿ ಮೂರೇ ಅಕ್ಷರ, ಹೆಡ್ಡಿಂಗಲ್ಲಿ ಪ್ರೊಫೆಸರ್ ಅನ್ನೋ ಒಂಬತ್ತು ಅಕ್ಷರಕ್ಕೆ ಎಲ್ಲಿ ಜಾಗ.

ನೈಜೀರಿಯಾದ ಪೇಪರುಗಳನ್ನ ನೋಡಿದ್ರಂತೂ ಮಜಾ ಅನ್ಸುತ್ತೆ. ಅಲ್ಲಿ ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಅಂತ ಏನೂ ಇಲ್ಲ, ಯಾವ ಯೂನಿವರ್ಸಿಟಿ ಮೇಷ್ಟ್ರಾದ್ರೂ ಹೆಡ್ಡಿಂಗಲ್ಲಿ ಡಾನೇ. ಕೃಷಿಗೆ ದುಡ್ಡು ಕೊಡಿ ಅಂತ ಸರ್ಕಾರಕ್ಕೆ ಡಾನ್ ಆಗ್ರಹ, ಮಲೇರಿಯಾ ಬಗ್ಗೆ ಡಾನ್ ಎಚ್ಚರಿಕೆ, ಈ ಧಾಟಿಯ ಹೆಡ್ಡಿಂಗು ಅಲ್ಲಿ ಮಾಮೂಲು. ಕೆನಡಾದ ಕೆಲವು ಯೂನಿವರ್ಸಿಟಿಗಳಲ್ಲಿ ಇನ್ನೊಂದು ತಮಾಷೆ, ಅಲ್ಲಿ ಹಾಸ್ಟೆಲ್ಲಲ್ಲಿ ಕಿರಿಯರನ್ನ ನೋಡಿಕೊಳ್ಳೋ ಸೀನಿಯರ್ ಸ್ಟೂಡೆಂಟಿಗೆ ಡಾನ್ ಅಂತಾರೆ, ಅಲ್ಲಿ ಮಾತ್ರ ಅದು ನಿಜವಾಗ್ಲೂ ಒಂದು ಕೆಲಸದ ಹೆಸರು. ಅಂದ್ರೆ ಅನುವಾದ ಮಾಡೋ ಮುಂಚೆ ಸುದ್ದಿ ಯಾವ ದೇಶದ್ದು ಅಂತ ನೋಡದೇ ಇದ್ರೆ ಆಗಲ್ಲ.

ಡಾನಿಷ್ ಅನ್ನೋ ವಿಶೇಷಣ ಇದಕ್ಕಿಂತ ಸೂಕ್ಷ್ಮ. ಒಬ್ಬರನ್ನ ಡಾನಿಷ್ ಅಂದ್ರೆ ಪುಸ್ತಕದ ಹುಳ, ಮಾತು ತೂಕದ್ದು, ತಮಾಷೆ ಮಾಡಿದ್ರೂ ಮುಖದಲ್ಲಿ ನಗು ಇರಲ್ಲ, ಸಣ್ಣ ತಪ್ಪಿಗೂ ತಿದ್ದೋ ಚಟ, ಲೋಕವ್ಯವಹಾರ ಸ್ವಲ್ಪ ಕಡಿಮೆ ಅಂತೆಲ್ಲ ಒಟ್ಟಿಗೆ ಬರುತ್ತೆ. ಈ ಚಿತ್ರ ಸುಮ್ಮನೆ ಹುಟ್ಟಿದ್ದಲ್ಲ. 19ನೇ ಶತಮಾನದ ಬಹುಪಾಲು ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನ ಸಾಮಾನ್ಯ ಫೆಲೋಗಳು ಮದುವೆ ಆಗೋ ಹಾಗೇ ಇರಲಿಲ್ಲ, ಮದುವೆ ಆದ್ರೆ ಫೆಲೋಶಿಪ್ ಬಿಡಬೇಕಿತ್ತು. ತುಂಬಾ ಜನ ಪಾದ್ರಿಗಳೂ ಆಗಿದ್ರು. ಈ ಎರಡು ಯೂನಿವರ್ಸಿಟಿಗಳಿಗಾಗಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ 1877ರ ಕಾಯ್ದೆ ಆದ್ಮೇಲೆ ಕಾಲೇಜುಗಳ ನಿಯಮ ಬದಲಾಗಿ ಮದುವೆಯಾದ ಫೆಲೋಗಳು ಮಾಮೂಲಾದ್ರು. ಅಲ್ಲೀತನಕ ಕಾಲೇಜಲ್ಲೇ ರೂಮು, ಅಲ್ಲೇ ಊಟ, ಅಲ್ಲೇ ಲೈಬ್ರರಿ, ಮಾತಾಡೋಕೂ ಇನ್ನೊಬ್ಬ ಫೆಲೋನೇ. ಹೀಗೆ ಬದುಕಿದ್ರೆ ಯಾರಾದ್ರೂ ಡಾನಿಷ್ ಆಗದೇ ಏನಾಗ್ತಾರೆ ಹೇಳಿ. ಹೆಂಗಸರಿಗೆ ಆಕ್ಸ್‌ಫರ್ಡ್ ಡಿಗ್ರಿ ಕೊಡೋಕೆ ಶುರು ಮಾಡಿದ್ದು 1920ರಲ್ಲಿ, ಕೇಂಬ್ರಿಡ್ಜ್ ಪೂರ್ತಿ ಸಮಾನವಾಗಿ ಕೊಟ್ಟಿದ್ದು 1948ರಲ್ಲಿ, ಹಾಗಾಗಿ ತುಂಬಾ ಕಾಲ ಡಾನ್ ಅಂದ್ರೆ ಗಂಡಸೇ ಅನ್ನೋ ಹಾಗಿತ್ತು. ಈಗ ಆ ಪದಕ್ಕೆ ಗಂಡು ಹೆಣ್ಣು ಭೇದ ಇಲ್ಲ, 'ಲೇಡಿ ಡಾನ್' ಅಂತ ಬರೆದ್ರೆ ಮತ್ತೆ ಭೂಗತ ಲೋಕಕ್ಕೇ ಹೋಗ್ತೀರಿ.

ಕನ್ನಡದಲ್ಲಿ ಏನು ಬರೀಬೇಕು ಅಂತ ಕೇಳ್ತಾರೆ. ಪ್ರಾಧ್ಯಾಪಕ ಅಂತ ಕಣ್ಮುಚ್ಚಿ ಹಾಕಬೇಡಿ, ಅದು ಪ್ರೊಫೆಸರ್ ಹುದ್ದೆಗೆ ನಿಂತುಬಿಟ್ಟಿದೆ, ಡಾನ್ ಆಗಿದ್ದವರು ಪ್ರೊಫೆಸರ್ ಆಗಿರಲೇಬೇಕು ಅಂತಿಲ್ಲ. ನಾನು ಸಾಮಾನ್ಯವಾಗಿ 'ಆಕ್ಸ್‌ಫರ್ಡ್‌ನ ಅಧ್ಯಾಪಕರು' ಅಂತ ಮಾಡ್ತೀನಿ, ಹುದ್ದೆ ಸುದ್ದಿ ಒಳಗೆ ಕೊಟ್ಟಿದ್ರೆ ಅದನ್ನೇ ಹಾಕ್ತೀನಿ, ಕೀಟಲೆ ಧಾಟಿ ಇದ್ರೆ 'ಮೇಷ್ಟ್ರು' ಸಾಕು. ಕಥೆ ಕಾದಂಬರಿ ಆದ್ರೆ ಡಾನ್ ಅಂತಲೇ ಉಳಿಸಿ ಪಕ್ಕದ ವಾಕ್ಯದಲ್ಲಿ ಕಾಲೇಜು, ಗೌನು, ಲೈಬ್ರರಿ ಏನಾದ್ರೂ ತಂದ್ರೆ ಓದೋರಿಗೆ ತಾನಾಗೇ ಗೊತ್ತಾಗುತ್ತೆ, ಅಡಿಟಿಪ್ಪಣಿ ಬೇಕಾಗಲ್ಲ.

ಹಾಂ, ಬಟ್ಟೆ ಹಾಕಿಕೊಳ್ಳೋದಕ್ಕೆ ಇಂಗ್ಲಿಷಲ್ಲಿ ಡಾನ್ ಅನ್ನೋ ಕ್ರಿಯಾಪದ ಇದೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಡೂ ಮತ್ತು ಆನ್ ಸೇರಿ ಆಗಿದ್ದು, ತೆಗೆಯೋದಕ್ಕೆ ಡಾಫ್ ಅಂತಾರೆ, ಡೂ ಮತ್ತು ಆಫ್. ಡಾನ್ ಗೌನು ಡಾನ್ ಮಾಡಿದ ಅಂತ ಇಂಗ್ಲಿಷಲ್ಲಿ ಬಂದ್ರೆ ಮೊದಲನೇದು ಮೇಷ್ಟ್ರು, ಎರಡನೇದು ತೊಟ್ಟುಕೊಂಡ.