ಗ್ರಾಂ ಹಿಡಿದುಕೊಂಡು ಬಾಣ ದಾಟಬೇಡಿ

10 ಗ್ರಾಂ ಹೈಡ್ರೋಜನ್ ಇದೆ, 64 ಗ್ರಾಂ ಆಕ್ಸಿಜನ್ ಇದೆ. ಎರಡೂ ಸೇರಿ ನೀರಾಗುವಾಗ ಯಾವುದು ಮೊದಲು ಖಾಲಿಯಾಗುತ್ತದೆ?

ಪ್ರತಿ ವರ್ಷ ಮೊದಲ ಟೆಸ್ಟಿನಲ್ಲಿ ಈ ಪ್ರಶ್ನೆ ಕೊಡುತ್ತೇನೆ. ಪ್ರತಿ ವರ್ಷವೂ ಒಂದು ದೊಡ್ಡ ಗುಂಪು 'ಹೈಡ್ರೋಜನ್' ಅಂತ ಬರೆಯುತ್ತದೆ. ಯಾಕಪ್ಪಾ ಅಂದರೆ, "ಅದೇ ಕಮ್ಮಿ ಇರೋದು ಅಲ್ವಾ ಮೇಡಂ?" ಇನ್ನೊಂದು ಗುಂಪು ಸ್ವಲ್ಪ ಜಾಣರದು. ಅವರು 2H₂ + O₂ → 2H₂O ಅನ್ನುವ ಸಮೀಕರಣದಲ್ಲಿ ಬಾಣದ ಎಡಕ್ಕೆ ಹೈಡ್ರೋಜನ್ ಮುಂದೆ 2, ಆಕ್ಸಿಜನ್ ಮುಂದೆ 1 ಇರುವುದನ್ನು ನೋಡಿ, 64 ಗ್ರಾಂ ಆಕ್ಸಿಜನ್‌ಗೆ 128 ಗ್ರಾಂ ಹೈಡ್ರೋಜನ್ ಬೇಕು ಅಂತ ಗುಣಿಸಿಬಿಡುತ್ತಾರೆ. ಉತ್ತರ ಮತ್ತೆ ಹೈಡ್ರೋಜನ್ನೇ.

ಸಮೀಕರಣ ಸರಿದೂಗಿಸುವುದು ನಿಮಗೆ ಬರುತ್ತದೆ ಅಂತ ಇಟ್ಟುಕೊಳ್ಳುತ್ತೇನೆ. ಅಲ್ಲಿ ಎಡವುವವರು ಕಮ್ಮಿ. ಸರಿದೂಗಿಸಿದ ಮೇಲೆ ಆ 2 ಏನು ಹೇಳುತ್ತಿದೆ ಅನ್ನುವುದರಲ್ಲೇ ಇರೋದು ತಕರಾರು. ಅದು ತಲೆ ಎಣಿಕೆ. ಎರಡು ಹೈಡ್ರೋಜನ್ ಅಣುಗಳಿಗೆ ಒಂದು ಆಕ್ಸಿಜನ್ ಅಣು, ಅಷ್ಟೇ. ಒಂದೊಂದು ಅಣುವಿನ ತೂಕ ಎಷ್ಟು ಅಂತ ಸಮೀಕರಣಕ್ಕೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ.

ಒಂದು ಬೋಲ್ಟ್‌ಗೆ ಎರಡು ನಟ್ ಹಾಕಬೇಕು ಅಂದುಕೊಳ್ಳಿ. ಬೋಲ್ಟ್ 50 ಗ್ರಾಂ, ನಟ್ 10 ಗ್ರಾಂ. ನನ್ನ ಹತ್ತಿರ ಎರಡೂ ಒಂದೊಂದು ಕೆಜಿ ಇವೆ. ಅಂದರೆ ಬೋಲ್ಟ್ 20, ನಟ್ 100. 20 ಬೋಲ್ಟ್‌ಗೆ 40 ನಟ್ ಸಾಕು, 60 ಮಿಕ್ಕವು. ಇದನ್ನು ಕೇಳಿದರೆ ಯಾರೂ ತಪ್ಪು ಹೇಳುವುದಿಲ್ಲ. 'ಒಂದು ಕೆಜಿ ಬೋಲ್ಟ್‌ಗೆ ಎರಡು ಕೆಜಿ ನಟ್' ಅಂದರೆ ಇಡೀ ಕ್ಲಾಸು ನಗುತ್ತದೆ. ಅದೇ ಹುಡುಗರು ಐದು ನಿಮಿಷ ಬಿಟ್ಟು ಹೈಡ್ರೋಜನ್ ವಿಷಯದಲ್ಲಿ ಅದನ್ನೇ ಬರೆಯುತ್ತಾರೆ. ಆಗ ನಗುವ ಸರದಿ ನನ್ನದಾಗಬೇಕು, ಆದರೆ ನಗು ಬರುವುದಿಲ್ಲ.

ತೂಕದಿಂದ ಎಣಿಕೆಗೆ ಹೋಗುವ ದಾರಿಯೇ ಮೋಲ್. ಒಂದು ಮೋಲ್ ಅಂದರೆ 6.02214076 ಗುಣಿಸು 10ರ 23ನೇ ಘಾತದಷ್ಟು ಕಣಗಳು. 2019ರಿಂದ ಇದು ಪಕ್ಕಾ ನಿಗದಿಯಾದ ಸಂಖ್ಯೆ. ಡಜನ್ ಇದ್ದ ಹಾಗೆ, ಸ್ವಲ್ಪ ದೊಡ್ಡದು. ಹೈಡ್ರೋಜನ್ ಒಂದು ಮೋಲ್ 2 ಗ್ರಾಂ ತೂಗುತ್ತದೆ, ಆಕ್ಸಿಜನ್ 32 ಗ್ರಾಂ. ಹಾಗಾದರೆ ನಮ್ಮ ಹತ್ತಿರ ಹೈಡ್ರೋಜನ್ 5 ಮೋಲ್, ಆಕ್ಸಿಜನ್ 2 ಮೋಲ್ ಇದೆ. 2 ಮೋಲ್ ಆಕ್ಸಿಜನ್‌ಗೆ 4 ಮೋಲ್ ಹೈಡ್ರೋಜನ್ ಸಾಕು. ಮೊದಲು ಖಾಲಿಯಾಗುವುದು ಆಕ್ಸಿಜನ್, ಆರು ಪಟ್ಟಿಗಿಂತ ಜಾಸ್ತಿ ಭಾರ ಇದ್ದರೂ! 4 ಮೋಲ್ ನೀರು, ಅಂದರೆ 72 ಗ್ರಾಂ ಬರುತ್ತದೆ. 2 ಗ್ರಾಂ ಹೈಡ್ರೋಜನ್ ಮಿಗುತ್ತದೆ. ಹಾಕಿದ್ದು 74, ಸಿಕ್ಕಿದ್ದೂ 74.

ಈ ಕೊನೆಯ ಕೂಡುವ ಲೆಕ್ಕ ಮಾಡಲು ಹತ್ತು ಸೆಕೆಂಡ್ ಸಾಕು. ಯಾರೂ ಮಾಡುವುದಿಲ್ಲ.

ಈ ವಿದ್ಯೆಗೆ ಸ್ಟಾಯ್ಕಿಯೊಮೆಟ್ರಿ ಅಂತ ಹೆಸರಿಟ್ಟವನು ಜರ್ಮನಿಯ ಯೆರೆಮಿಯಾಸ್ ರಿಕ್ಟರ್, 1792ರಲ್ಲಿ. ಎಷ್ಟು ಆಸಿಡ್‌ಗೆ ಎಷ್ಟು ಬೇಸ್ ಸರಿಹೋಗುತ್ತದೆ ಅಂತ ತೂಗಿ ತೂಗಿ ಪಟ್ಟಿ ಮಾಡಿದವನು. ಪಾಪ, ಅವನ ಕಾಲಕ್ಕೆ ಮೋಲ್ ಇರಲಿಲ್ಲ, ಪರಮಾಣು ತೂಕಗಳ ಪಟ್ಟಿಯೂ ಇರಲಿಲ್ಲ. ನಿಮ್ಮ ಪುಸ್ತಕದ ರಟ್ಟಿನ ಒಳಗಡೆಯೇ ಎಲ್ಲ ಅಚ್ಚಾಗಿದೆ, ಮಹಾರಾಯರೇ.

ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಸಹೋದ್ಯೋಗಿಗಳು ಬಿಡುವುದಿಲ್ಲ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿರುವ ಅನಿಲಗಳಿಗೆ ಸಮೀಕರಣದ ಆ 2, 1 ಅಂಕಿಗಳನ್ನು ಲೀಟರ್ ಲೆಕ್ಕಕ್ಕೂ ನೇರವಾಗಿ ಬಳಸಬಹುದು, ಹೆಚ್ಚುಕಮ್ಮಿ ಸರಿಹೋಗುತ್ತದೆ. ಗ್ರಾಂಗೆ ಮಾತ್ರ ಆ ರಿಯಾಯಿತಿ ಇಲ್ಲ. ಇನ್ನು ಕಾಗದದ ಮೇಲೆ ಬಂದಷ್ಟು ಪೂರಾ ಬೀಕರಿನಲ್ಲೂ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಸಾಮಾನ್ಯವಾಗಿ ಕಮ್ಮಿಯೇ ಸಿಗುತ್ತದೆ.

ಜಾಸ್ತಿ ಸಿಕ್ಕಿದರೆ? ಒಮ್ಮೆ ಲ್ಯಾಬಿನಲ್ಲಿ ಒಬ್ಬ ಹುಡುಗ ಓಡಿ ಬಂದ. "ಮೇಡಂ, ನಂದು 118 ಪರ್ಸೆಂಟ್ ಬಂತು!" ಮುಖದಲ್ಲಿ ರ‍್ಯಾಂಕ್ ಬಂದಷ್ಟು ಖುಷಿ. ಬೈಯಲು ಮನಸ್ಸಾಗಲಿಲ್ಲ. ಅವನ ಫಿಲ್ಟರ್ ಪೇಪರನ್ನು ಬೆರಳಿನಿಂದ ಮುಟ್ಟಿ ನೋಡಿದೆ. ತಣ್ಣಗಿತ್ತು, ಒದ್ದೆ.

"ಒಣಗಿಸಿದೆಯಾ?"

"ಟೈಮ್ ಇರ್ಲಿಲ್ಲ ಮೇಡಂ."

"ಹಾಗಾದ್ರೆ ಇದರಲ್ಲಿ ನೀರೆಷ್ಟು ಇದೆ ಹೇಳು."

ಒಂದು ಕ್ಷಣ ಪೇಪರ್ ನೋಡಿದ, ನನ್ನನ್ನು ನೋಡಿದ. ಆಮೇಲೆ ಪೆನ್ನು ತೆಗೆದು ಅಂಗೈ ಮೇಲೇ ಕಳೆಯುವ ಲೆಕ್ಕ ಶುರು ಮಾಡಿದ. "ಗ್ರಾಂನಲ್ಲಿ ಹೇಳಲಾ ಮೇಡಂ, ಮೋಲ್‌ನಲ್ಲಿ ಹೇಳಲಾ?"