ಟೆಕ್ನಿಕಲ್ ಡೈವಿಂಗ್ ಕಲಿಯಲು ಯಾರ ಹತ್ತಿರ ಹೋಗಲಿ?

ಪ್ರಶ್ನೆ: ನೇತ್ರಾಣಿಯಲ್ಲಿ ಓಪನ್ ವಾಟರ್ ಕೋರ್ಸ್ ಮಾಡಿದೆ. ಆಮೇಲೆ ಅಂಡಮಾನಿನಲ್ಲಿ ಅಡ್ವಾನ್ಸ್ಡ್, ನೈಟ್ರಾಕ್ಸ್ (ಆಕ್ಸಿಜನ್ ಪ್ರಮಾಣ ಹೆಚ್ಚಿಸಿದ ಗಾಳಿ) ಎರಡೂ ಕೋರ್ಸ್ ಮುಗಿಸಿದೆ. ಈವರೆಗೆ 60 ಡೈವ್ ಆಗಿವೆ. 40 ಮೀಟರಿಗಿಂತ ಕೆಳಗೆ ಮುಳುಗಿರುವ ಹಡಗುಗಳನ್ನು ನೋಡುವ ಆಸೆ. ಟಿಡಿಐ, ಪ್ಯಾಡಿ, ಜಿಯುಇ ಈ ತರಬೇತಿ ಸಂಸ್ಥೆಗಳಲ್ಲಿ ಯಾವುದು ಒಳ್ಳೆಯದು? ಎಲ್ಲಿಂದ ಶುರು ಮಾಡಲಿ?
(ಬೆಂಗಳೂರಿನ ಓದುಗರೊಬ್ಬರು)

ಈ ಪ್ರಶ್ನೆ ಕೇಳುವವರೆಲ್ಲ ಸಂಸ್ಥೆಯ ಹೆಸರು ಹಿಡಿದುಕೊಂಡೇ ಬರುತ್ತಾರೆ. ಕಲಿಸುವವರು ಯಾರು ಎಂದು ವಿಚಾರಿಸಿದರೆ, "ಅಲ್ಲಿ ಹೋದ ಮೇಲೆ ಯಾರನ್ನಾದರೂ ಕೊಡುತ್ತಾರಲ್ಲ" ಅನ್ನುತ್ತಾರೆ. ನಾನು ಹೇಳುವುದು ಇದಕ್ಕೆ ಉಲ್ಟಾ. ಮೊದಲು ವ್ಯಕ್ತಿಯನ್ನು ಹುಡುಕಿ, ಅವರು ಯಾವ ಸಂಸ್ಥೆಯ ಕಾರ್ಡ್ ಕೊಡುತ್ತಾರೋ ಅದನ್ನೇ ತೆಗೆದುಕೊಳ್ಳಿ.

ಯಾಕೆ ಅಂದರೆ, ನೇತ್ರಾಣಿಯ 15 ಮೀಟರ್ ಆಳದಲ್ಲಿ ಏನೇ ಎಡವಟ್ಟಾದರೂ ಕೊನೆಗೊಂದು ದಾರಿ ಇದ್ದೇ ಇರುತ್ತದೆ: ಉಸಿರು ಬಿಡುತ್ತಾ ಮೇಲೆ ಬಂದುಬಿಡುವುದು. ಟೆಕ್ನಿಕಲ್ ಡೈವಿಂಗಿನಲ್ಲಿ ಆ ದಾರಿ ಮುಚ್ಚಿರುತ್ತದೆ. 45 ಮೀಟರಿನಲ್ಲಿ ಅರ್ಧ ಗಂಟೆ ಕಳೆದರೆ ಮೈಯಲ್ಲಿ ಕರಗಿ ಕೂತ ಅನಿಲ ನಿಧಾನಕ್ಕೇ ಹೊರಬರಬೇಕು, ಅವಸರ ಮಾಡಿದರೆ ಒಳಗೇ ಗುಳ್ಳೆಗಟ್ಟುತ್ತದೆ. ಅದಕ್ಕಾಗಿ ಒಂದೊಂದು ಆಳದಲ್ಲಿ ಲೆಕ್ಕದ ನಿಮಿಷಗಳಷ್ಟು ನಿಂತು ನಿಂತು ಏರಬೇಕು. ಇದೇ ಡಿಕಂಪ್ರೆಷನ್, ಚುಟುಕಾಗಿ ಡಿಕೋ. ಕೊನೆಯ ನಿಲುಗಡೆ 6 ಅಥವಾ 3 ಮೀಟರಿನಲ್ಲಿ. ದೋಣಿಯ ತಳ ಅಲ್ಲೇ ತಲೆಯ ಮೇಲೆ ತೂಗಾಡುತ್ತಿರುತ್ತದೆ, ಆದರೂ ಮುಟ್ಟುವಂತಿಲ್ಲ. ಮಾಸ್ಕ್ ಹೋದರೂ, ಬಾಯಿಗೆ ಉಸಿರು ಕೊಡುವ ರೆಗ್ಯುಲೇಟರ್ ಕೈಕೊಟ್ಟರೂ, ಜೊತೆಗಾರ ಕಂಗಾಲಾದರೂ ಅದನ್ನು ಅಲ್ಲೇ, ನೀರೊಳಗೇ ಬಗೆಹರಿಸಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಯಾರೋ ಎದುರಿಗಿದ್ದು, ನೂರು ಸಲ ತಪ್ಪು ಮಾಡಿಸಿ, ತಿದ್ದಬೇಕು.

ಸಂಸ್ಥೆಗಳ ಮಾತು ಚುಟುಕಾಗಿ ಮುಗಿಸುತ್ತೇನೆ. 1994ರಲ್ಲಿ ಶುರುವಾದ ಟಿಡಿಐ ಇವತ್ತು ಬಹಳ ಕಡೆ ಸಿಗುತ್ತದೆ. 1998ರ ಜಿಯುಇ ಸಲಕರಣೆಯಿಂದ ಹಿಡಿದು ಕೈಸನ್ನೆಯವರೆಗೆ ಎಲ್ಲರಿಗೂ ಒಂದೇ ಪದ್ಧತಿ ಎನ್ನುತ್ತದೆ. ಕೆಲವರಿಗೆ ಅದು ಮಠದ ಶಿಸ್ತಿನಂತೆ ಕಾಣುತ್ತದೆ, ನನಗೆ ಇಷ್ಟ. ಪ್ಯಾಡಿಯಲ್ಲಿ ಟೆಕ್ 40, 45, 50 ಎಂದು ಆಳದ ಲೆಕ್ಕದಲ್ಲಿ ಮೆಟ್ಟಿಲುಗಳಿವೆ. ಯಾವ ಸಂಸ್ಥೆಯಾದರೂ ಬರೆದಿಡುವುದು ಕನಿಷ್ಠ ಮಟ್ಟವನ್ನು. ಅಲ್ಲಿಗೇ ನಿಲ್ಲುವವರೂ ಇದ್ದಾರೆ, ಅದರ ಎರಡರಷ್ಟು ದುಡಿಸುವವರೂ ಇದ್ದಾರೆ.

ನನ್ನ ಮೊದಲ ಟೆಕ್ ಕೋರ್ಸಿನ ಕಥೆ ಹೇಳಲೇಬೇಕು. ಊರು, ಅಂಗಡಿ ಯಾವುದೆಂದು ಬೇಡ. ಅಗ್ಗ ಎಂದು ಹೋದೆ. ನಾಲ್ಕು ದಿನ, ಆರು ಡೈವ್, ಕೊನೆಯ ಸಂಜೆ ಕೈಗೆ ಕಾರ್ಡ್. ಬೆನ್ನ ಮೇಲಿನ ಜೋಡಿ ಸಿಲಿಂಡರಿನಲ್ಲಿ, ಅನಿಲ ಸೋರಿದರೆ ನಾವೇ ಮುಚ್ಚಬೇಕಾದ ಎಡಗಡೆ ವಾಲ್ವ್ ನನ್ನ ಬೆರಳಿಗೆ ಎಟುಕುತ್ತಲೇ ಇರಲಿಲ್ಲ. ಹೇಳಿದಾಗ, "ಮಾಡ್ತಾ ಮಾಡ್ತಾ ಬರುತ್ತೆ ಬಿಡಿ" ಎಂಬ ಉತ್ತರ ಸಿಕ್ಕಿತು. ಕಾರ್ಡ್ ಬಂತು, ಕೈ ಮಾತ್ರ ಬರಲಿಲ್ಲ.

ಒಂದು ವರ್ಷ ಬಿಟ್ಟು ಇನ್ನೊಬ್ಬರ ಹತ್ತಿರ ಹೋದೆ. ಅವರು ನನ್ನ ಕಾರ್ಡನ್ನು ನೋಡಲೂ ಇಲ್ಲ. ಮೊದಲ ದಿನ 8 ಮೀಟರ್ ಆಳದ ಮರಳಿನ ಮೇಲೆ ನಿಲ್ಲಿಸಿ, ಮಾಸ್ಕ್ ತೆಗೆದು ಎರಡು ನಿಮಿಷ ಹಾಗೇ ತೇಲುತ್ತಿರಿ ಎಂದು ಸನ್ನೆ ಮಾಡಿದರು. ಕಣ್ಣು ಮುಚ್ಚಿಕೊಂಡೆ, ಉಪ್ಪು ನೀರು ಮೂಗಿಗೆ ಬಂತು, ತಡೆದುಕೊಂಡೆ. ಚೆನ್ನಾಗಿಯೇ ಮಾಡಿದೆ ಅಂದುಕೊಂಡು ಮಾಸ್ಕ್ ಹಾಕಿ ನೀರು ಊದಿ ನೋಡಿದರೆ, ಅವರು ನನ್ನದೇ ಕೈ ಹಿಡಿದು ಆಳ ತೋರಿಸುವ ನನ್ನ ಡೈವ್ ಕಂಪ್ಯೂಟರನ್ನು ಮುಖದ ಮುಂದೆ ತಂದರು: 4.9 ಮೀಟರ್. ಮೂರು ಮೀಟರ್ ಮೇಲೆ ಬಂದಿದ್ದೇನೆ, ನನಗೆ ಅರಿವೇ ಇಲ್ಲ! ಡಿಕೋ ಬಾಕಿ ಇದ್ದಿದ್ದರೆ ನಿಲುಗಡೆ ಅಷ್ಟೂ ಹೊತ್ತು ತಪ್ಪಿಹೋಗಿರುತ್ತಿತ್ತು. ಮುಂದಿನ ಮೂರು ದಿನ ಅದನ್ನೇ ಮಾಡಿಸಿದರು. ಕೊನೆಗೆ, "ಈಗ ಕಾರ್ಡ್ ಕೊಡುವುದಿಲ್ಲ, ಮೂರು ತಿಂಗಳು ಅಭ್ಯಾಸ ಮಾಡಿ ಬನ್ನಿ" ಎಂದರು. ದುಡ್ಡು ಹೋಯಿತೆಂದು ಅವತ್ತು ಮೈ ಉರಿದಿದ್ದು ಸುಳ್ಳಲ್ಲ.

ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ: "ನಿಮ್ಮ ಕಳೆದ ಹತ್ತು ವಿದ್ಯಾರ್ಥಿಗಳಲ್ಲಿ ಎಷ್ಟು ಜನರನ್ನು ವಾಪಸ್ ಕಳಿಸಿದಿರಿ?" ಎಲ್ಲರೂ ಪಾಸ್ ಎನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. ಎರಡನೆಯದು: "ಪಾಠವಿಲ್ಲದೆ, ನಿಮ್ಮ ಖುಷಿಗೆ ನೀವೇ ಮಾಡಿದ ಕೊನೆಯ ಆಳದ ಡೈವ್ ಯಾವಾಗ, ಎಲ್ಲಿ?" ವರ್ಷಗಟ್ಟಲೆ ಕಲಿಸುವುದನ್ನು ಬಿಟ್ಟು ಬೇರೆ ಡೈವ್ ಮಾಡದವರು, ಓಡಿಸುವುದನ್ನೇ ಬಿಟ್ಟ ಡ್ರೈವಿಂಗ್ ಮೇಷ್ಟ್ರಂತೆ. ಒಂದು ತಂಡದಲ್ಲಿ ಎಷ್ಟು ಜನ ಎಂದೂ ಕೇಳಿ. ಇಬ್ಬರು ಅಥವಾ ಮೂವರಾದರೆ ಸರಿ. ಅವರ ಹಳೆಯ ಕ್ಲಾಸಿನ ವಿಡಿಯೋ ಇದ್ದರೆ ನೋಡಿ. ಗುರುಗಳನ್ನಲ್ಲ, ಹಿಂದೆ ಇರುವ ವಿದ್ಯಾರ್ಥಿಗಳನ್ನು ನೋಡಿ. ಮೈ ನೀರಿಗೆ ಸಮತಟ್ಟಾಗಿ, ಕೈ ಆಡಿಸದೆ, ತಳದ ಮಣ್ಣೆಬ್ಬಿಸದೆ ನಿಂತಿದ್ದಾರಾ? ಇನ್ನು, ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಅವರ ಜೊತೆ ಒಂದು ಸಾದಾ ಡೈವ್ ಮಾಡಿ. ಒಳ್ಳೆಯವರು ತಾವೇ ಹಾಗೆ ಕೇಳುತ್ತಾರೆ. ಅವರಿಗೂ ನಿಮ್ಮನ್ನು ಅಳೆಯಬೇಕಿರುತ್ತದೆ.

ದಡದ ಮೇಲೆಯೇ ಗೊತ್ತಾಗುವ ಒಂದು ವಿಷಯವೂ ಇದೆ, ಅನಿಲ ಪರೀಕ್ಷೆ. ಡಿಕೋಗೆಂದು ಒಯ್ಯುವ 50 ಶೇಕಡಾ ಆಕ್ಸಿಜನ್ ಮಿಶ್ರಣವನ್ನು 21 ಮೀಟರಿಗೆ ಬಂದ ಮೇಲಷ್ಟೇ ಉಸಿರಾಡಬೇಕು. ಅದನ್ನೇ ತಪ್ಪಿ 40 ಮೀಟರಿನಲ್ಲಿ ಬಾಯಿಗಿಟ್ಟರೆ ಆಕ್ಸಿಜನ್ನಿನ ಒತ್ತಡ 2.5 ಬಾರ್ ಆಗುತ್ತದೆ. ಸುರಕ್ಷಿತ ಎನ್ನುವ ಗರಿಷ್ಠ ಮಿತಿ 1.6. ಇಷ್ಟಾದರೆ ಫಿಟ್ಸ್ ಬರಬಹುದು, ನೀರೊಳಗೆ ಫಿಟ್ಸ್ ಬಂದರೆ ಬಾಯಲ್ಲಿರುವ ರೆಗ್ಯುಲೇಟರ್ ಜಾರುತ್ತದೆ. ಅದಕ್ಕೇ ಸಿಲಿಂಡರಿನ ಕತ್ತಿಗೆ ಟೇಪ್ ಸುತ್ತಿ, ನೀವೇ ಅನಲೈಸರ್ ಹಿಡಿದು ಅಳೆದು, ಮಾರ್ಕರಿನಲ್ಲಿ 50.2, ದಿನಾಂಕ, ಸಹಿ ಎಂದು ಬರೆಯಬೇಕು. ಪಕ್ಕದಲ್ಲಿ ಅಂಗೈಯಷ್ಟು ದೊಡ್ಡದಾಗಿ 21. "ಹುಡುಗ ತುಂಬಿಸಿದ್ದಾನೆ, ಸರಿ ಇರುತ್ತೆ" ಎನ್ನುವವರ ದೋಣಿ ಹತ್ತಬೇಡಿ.

ಸಾದಾ ಗಾಳಿಯನ್ನೇ ಉಸಿರಾಡಿಸುತ್ತಾ 50–55 ಮೀಟರಿಗೆ ಇಳಿಸುವ ಕೋರ್ಸುಗಳು ಇನ್ನೂ ಇವೆ. ನಾನು ಬೇಡ ಎನ್ನುತ್ತೇನೆ. ಅಷ್ಟು ಆಳದಲ್ಲಿ ಗಾಳಿಯ ನೈಟ್ರೋಜನ್ನಿನಿಂದ ಅಮಲು ಬರುತ್ತದೆ ಎನ್ನುವುದು ಡೈವ್ ಮಾಡುವ ಎಲ್ಲರಿಗೂ ಗೊತ್ತು, ಅದಕ್ಕಿಂತ ಕಡಿಮೆ ಮಾತಾಡುವ ವಿಷಯ ಅನಿಲದ ಸಾಂದ್ರತೆ. ಲೀಟರಿಗೆ 5.2 ಗ್ರಾಂ ಒಳಗಿರಲಿ, 6.2 ದಾಟಲೇಬಾರದು ಎಂಬುದು ಈಗ ಒಪ್ಪಿತವಾಗಿರುವ ಸಲಹೆ. ಗಾಳಿ 30 ಮೀಟರಿನ ಆಸುಪಾಸಿನಲ್ಲೇ ಮೊದಲ ಗೆರೆ ಮುಟ್ಟುತ್ತದೆ, 55ರಲ್ಲಿ ಸುಮಾರು 8 ಗ್ರಾಂ ತಲುಪುತ್ತದೆ. ಅಷ್ಟು ದಪ್ಪದ ಅನಿಲವನ್ನು ಎಳೆದು ಬಿಡುವುದರಲ್ಲೇ ಶ್ವಾಸಕೋಶ ಸೋತು, ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಇರುವುದು ಇದಕ್ಕೇ. ದುಬಾರಿ, ನಿಜ, ನಮ್ಮ ದೇಶಕ್ಕೆ ಹೀಲಿಯಂ ಬರುವುದೂ ಹೊರಗಿನಿಂದಲೇ. ಈಜಿಪ್ಟಿನ ದಹಾಬ್‌ನಲ್ಲಿ ಬ್ಲೂ ಹೋಲ್ ಎಂಬ ಜಾಗವಿದೆ. ಅದರ ಕಮಾನು 55 ಮೀಟರಿನ ಸುಮಾರಿನಲ್ಲಿದೆ. ಒಂದೇ ಸಿಲಿಂಡರ್ ಗಾಳಿ ಕಟ್ಟಿಕೊಂಡು ಅದನ್ನು ದಾಟಲು ಹೋದವರು ಎಷ್ಟೋ ಜನ ತಿರುಗಿ ಬಂದಿಲ್ಲ. ದಡದ ಬಂಡೆಯ ಮೇಲೆ ಹೆಸರಿನ ಫಲಕಗಳಿವೆ.

ಇನ್ನು ನಿಮ್ಮ ದಾರಿ. ಪ್ಯಾಡಿಯ ಟೆಕ್ 40ಕ್ಕೆ ಡೈವ್ ಎಣಿಕೆಯಲ್ಲಿ 30 ಸಾಕು, ಆ ಲೆಕ್ಕದಲ್ಲಿ ನೀವು ನಾಳೆಯೇ ಸೇರಬಹುದು. ಸೇರಬೇಡಿ. ರೆಸ್ಕ್ಯೂ ಕೋರ್ಸ್ ಆಗಿಲ್ಲದಿದ್ದರೆ ಅದನ್ನು ಮುಗಿಸಿ. ಆಮೇಲೆ ಜಿಯುಇಯ ಫಂಡಮೆಂಟಲ್ಸ್ ಅಥವಾ ಟಿಡಿಐನ ಇಂಟ್ರೊ ಟು ಟೆಕ್, ಎರಡರಲ್ಲಿ ಒಂದು. ಆಳ ಹೆಚ್ಚಿಲ್ಲ, ಡಿಕೋ ಇಲ್ಲ. ನಿಲ್ಲುವುದು, ಹಿಂದಕ್ಕೆ ಫಿನ್ ಹೊಡೆಯುವುದು, ವಾಲ್ವ್ ಮುಚ್ಚಿ ತೆರೆಯುವುದು, ಅಷ್ಟೇ. ನೋಡಲು ಬೇಸರದ ಕೋರ್ಸ್, ಇಡೀ ದಾರಿಯಲ್ಲಿ ದುಡ್ಡಿಗೆ ತಕ್ಕ ಕೋರ್ಸೂ ಇದೇ. ಅದಾದ ಮೇಲೆ ಜೋಡಿ ಸಿಲಿಂಡರಿನಲ್ಲಿ ಕನಿಷ್ಠ 40 ಡೈವ್, ಕೋರ್ಸಿನ ಗೊಡವೆಯಿಲ್ಲದೆ. ಆಮೇಲೆ ಅಡ್ವಾನ್ಸ್ಡ್ ನೈಟ್ರಾಕ್ಸ್ ಮತ್ತು ಡಿಕಂಪ್ರೆಷನ್ ಪ್ರೊಸೀಜರ್ಸ್ ಒಟ್ಟಿಗೆ. ಟಿಡಿಐನಲ್ಲಿ ಇದು 45 ಮೀಟರ್‌ವರೆಗೆ ಒಯ್ಯುತ್ತದೆ. ಟ್ರೈಮಿಕ್ಸ್ ಅದರಾಚೆ 60ಕ್ಕೆ. ಹಡಗಿನ ಒಳಗೆ ನುಗ್ಗುವುದು ಬೇರೆಯೇ ತರಬೇತಿ, ಬಿಟ್ಟ ಉಸಿರನ್ನೇ ಶುದ್ಧಮಾಡಿ ಮತ್ತೆ ಕೊಡುವ ರೀಬ್ರೀದರ್ ಕೂಡ. ಒಂದು ರಜೆಯಲ್ಲಿ ಇಷ್ಟನ್ನೂ ಮುಗಿಸಿಕೊಡುವ ಪ್ಯಾಕೇಜ್ ಕಂಡರೆ ಪುಟ ತಿರುಗಿಸಿ.

ಮುಗಿಸುವ ಮುನ್ನ, ಬೆಂಗಳೂರಿನವರಾದ ನೀವು ಗುರುಗಳಿಗೆ ಹಾಕಬಹುದಾದ ಒಂದು ಪ್ರಶ್ನೆ. ಡೈವ್ ಮುಗಿಸಿ ಎಷ್ಟು ಹೊತ್ತಿಗೆ ವಿಮಾನ ಹತ್ತಬಹುದು ಎಂದು ಎಲ್ಲರೂ ಕೇಳುತ್ತಾರೆ. ಡಿಕೋ ಡೈವ್ ಆದ ಮೇಲೆ 18 ಗಂಟೆಗಿಂತ ಸಾಕಷ್ಟು ಹೆಚ್ಚು ಬಿಡುವು ಬೇಕೆಂದು ಡೈವರ್‌ಗಳ ಸುರಕ್ಷತೆಗಾಗಿರುವ ಡ್ಯಾನ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಮೈಯಲ್ಲಿ ಉಳಿದ ಅನಿಲ ಗುಳ್ಳೆಗಟ್ಟಬಹುದು. 24 ಗಂಟೆ ಕಾಯುವುದು ರೂಢಿ. ಆದರೆ ಅದೇ ಮಾರ್ಗಸೂಚಿ ಅನ್ವಯವಾಗುವುದು 2,000 ಅಡಿ ಎತ್ತರದಿಂದಲೇ. ಬೆಂಗಳೂರು ಇರುವುದು ಸುಮಾರು 3,000 ಅಡಿ ಮೇಲೆ. "ಸಂಜೆ ಡೈವ್ ಮುಗಿಸಿ ಅವತ್ತೇ ರಾತ್ರಿ ಬಸ್ಸಿಗೆ ಘಟ್ಟ ಹತ್ತಿ ಊರಿಗೆ ಹೋಗಬಹುದಾ?" ಎಂದು ಕೇಳಿ ನೋಡಿ. ಬಸ್ಸಲ್ಲವೇ, ಏನಾಗುತ್ತೆ ಎಂದು ನಕ್ಕರೆ ಬೇರೆಯವರನ್ನು ಹುಡುಕಿ. ನಿಮ್ಮ ಊರು ಎಷ್ಟು ಎತ್ತರದಲ್ಲಿದೆ ಎಂದು ತಿರುಗಿ ಕೇಳಿದರೆ ಅವರ ಜೊತೆ ಆ ಸಾದಾ ಡೈವಿಗೆ ದಿನ ಗೊತ್ತು ಮಾಡಿಕೊಳ್ಳಿ.